ಹಣ್ಣಿಗೂ ಬೇಕು ರಹದಾರಿ

2025ರ ಮೇ ತಿಂಗಳಲ್ಲಿ ವಿಮಾನದಲ್ಲಿ ಅಮೆರಿಕಕ್ಕೆ ಹೋದ ಭಾರತದ ಮಾವಿನಹಣ್ಣಿನ ಸುಮಾರು 15 ರವಾನೆಗಳು ಅಲ್ಲಿ ತಿರಸ್ಕೃತವಾದವು. ಹಣ್ಣು ಕೆಟ್ಟಿರಲಿಲ್ಲ. ಮುಂಬಯಿಯಲ್ಲಿ ನಡೆದ ವಿಕಿರಣ ಸಂಸ್ಕರಣೆಯ ದಾಖಲೆ ಸರಿಯಿಲ್ಲವೆಂಬುದೇ ಕಾರಣ. ಮರಳಿ ತರಿಸುವ ವೆಚ್ಚ ಭಾರಿಯಾದುದರಿಂದ ಹಣ್ಣನ್ನು ಅಲ್ಲಿಯೇ ನಾಶಪಡಿಸಬೇಕಾಯಿತು. ರಫ್ತುದಾರರ ಅಂದಾಜಿನಂತೆ ನಷ್ಟ 5 ಲಕ್ಷ ಡಾಲರ್.

ಈ ಕಟ್ಟುನಿಟ್ಟು ಅಕಾರಣವಲ್ಲ. ಹಣ್ಣಿನ ನೊಣ ಸಿಪ್ಪೆಯ ಕೆಳಗೆ ಮೊಟ್ಟೆಯಿಡುತ್ತದೆ. ಮಾವಿನ ಮೂತಿಹುಳು ಗೊರಟಿನೊಳಗೇ ಬೆಳೆಯುತ್ತದೆ. ಹೊರಗಿನಿಂದ ನೋಡಿ ಒಳಗಿನದನ್ನು ಹೇಳಲಾಗದು. ಆದುದರಿಂದಲೇ ಜಪಾನ್ 1986ರಲ್ಲಿ ನಮ್ಮ ಮಾವಿಗೆ ಬಾಗಿಲು ಮುಚ್ಚಿತು. 2006ರಲ್ಲಿ ತೆರೆದಾಗ, ಬಿಸಿಹಬೆಯಿಂದ ಹಣ್ಣಿನ ತಿರುಳು 47.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 20 ನಿಮಿಷ ಇರಬೇಕೆಂದು ವಿಧಿಸಿತು. ಅಮೆರಿಕ 2007ರಲ್ಲಿ ಕನಿಷ್ಠ 400 ಗ್ರೇ ವಿಕಿರಣದ ನಿಯಮದೊಡನೆ ಒಪ್ಪಿತು. ಯುರೋಪಿನ ಒಕ್ಕೂಟ 2014ರ ಮೇ ತಿಂಗಳಲ್ಲಿ ನಿಷೇಧ ಹೇರಿ ಮರುವರ್ಷ ತೆರವುಗೊಳಿಸಿತು.

ನೀಲಗಿರಿಯ ಪ್ಲಮ್, ಪೀಚ್‌ಗಳೂ ಗೊರಟಿನ ಹಣ್ಣುಗಳೇ. ಮಾವನ್ನು ಕಾಡುವ ನೊಣ ಪೀಚನ್ನೂ ಬಿಡದು. ರಫ್ತಿನ ಮಾತು ಇಲ್ಲಿ ಇನ್ನೂ ದೂರ. ಗೂಡಲೂರಿನವರು ಕರ್ನಾಟಕದತ್ತ ನೋಡಿದರೆ ವಿಕಿರಣ ಕೇಂದ್ರವಿರುವುದು ಕೋಲಾರ ಜಿಲ್ಲೆಯ ಮಾಲೂರಿನಲ್ಲಿ. ನಡುವೆ ಬಂಡೀಪುರದ ಹಾದಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿಗಳಿಗೆ ಬಂದ್. ನಾಲ್ಕು ಬುಟ್ಟಿ ಹಣ್ಣು ಬೆಳೆದವನಿಗೆ ಇದು ಎಟುಕುವ ದಾರಿಯಲ್ಲ.

ಆದರೆ ಉಪಚಾರ ಆರಂಭವಾಗಬೇಕಾದುದು ಯಂತ್ರದಲ್ಲಲ್ಲ, ತೋಟದಲ್ಲಿ. ಉದುರಿದ ಹಣ್ಣನ್ನು ದಿನವೂ ಆಯ್ದು ಆಳವಾಗಿ ಹೂಳುವುದು, ಮೀಥೈಲ್ ಯೂಜಿನಾಲ್ ಇಟ್ಟ ಮೋಹಕ ಬಲೆ ತೂಗಿ ಗಂಡು ನೊಣಗಳನ್ನು ಹಿಡಿಯುವುದು ಬಡ ಬೆಳೆಗಾರನಿಂದಲೂ ಆಗುವ ಕೆಲಸ. ಅಕ್ಕಪಕ್ಕದ ತೋಟದವರೆಲ್ಲ ಒಟ್ಟಾಗಿ ಮಾಡಿದರೆ ಮಾತ್ರ ಫಲವುಂಟು. ಊರ ಸಂತೆಗೂ ಇದರಿಂದ ಒಳ್ಳೆಯ ಹಣ್ಣು ಸಿಗುತ್ತದೆ.

ಇದನ್ನು ತಿಳಿಸುವ ಭಾಷೆ ಯಾವುದು ಎಂಬುದೇ ನಮ್ಮ ಪ್ರಶ್ನೆ. ಗಡಿನಾಡಿನ ಕನ್ನಡಿಗ ಬೆಳೆಗಾರನಿಗೆ ಸೂಚನೆ ತಮಿಳಿನಲ್ಲೋ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಮಾತ್ರ ಬಂದರೆ ಅದು ಬಾರದಿದ್ದಂತೆಯೇ. ನುರಿತವರಿರುವ ಮುಂಬಯಿಯಲ್ಲೇ ಕಾಗದದ ಲೋಪ ಇಷ್ಟು ನಷ್ಟ ತಂದಿದೆ. ಹೀಗಿರುವಾಗ ಓದಲು ಬಾರದ ಪತ್ರಕ್ಕೆ ರುಜು ಹಾಕುವ ರೈತನ ಪಾಡೇನು?

ತೋಟಗಾರಿಕೆ ಇಲಾಖೆಗಳು ಗಡಿ ತಾಲೂಕುಗಳಿಗೆ ಕನ್ನಡದಲ್ಲಿಯೂ ಕೈಪಿಡಿ ಹೊರತರಲಿ. ಸಣ್ಣ ಬೆಳೆಗಾರರ ಹಣ್ಣನ್ನು ಒಟ್ಟುಗೂಡಿಸಲು ಸಹಕಾರಿ ಸಂಘಗಳು ಮುಂದಾಗಲಿ. ನಮ್ಮ ಶಾಲೆಗಳ ಮಕ್ಕಳು ಆ ಕೈಪಿಡಿಯನ್ನು ಮನೆಯಲ್ಲಿ ಓದಿ ಹೇಳಲು ಸಿದ್ಧರಿದ್ದಾರೆ. ಸಂಬಂಧಪಟ್ಟವರು ಮುಂದಿನ ಹಣ್ಣಿನ ಕಾಲಕ್ಕೆ ಮೊದಲೇ ಇತ್ತ ಗಮನ ಹರಿಸಬೇಕು.