ಶಾಲೆಗೂ ಸಾಲವೇ ಎನ್ನುವವರಿಗೆ



ಪೀಣ್ಯದಲ್ಲಿ ನೀವು ನಡೆಸುವ ಕಾರ್ಖಾನೆಯ ಷೆಡ್ಡು ಯಾವ ಹಣದಿಂದ ಎದ್ದಿತು? ವೈಟ್‌ಫೀಲ್ಡಿನಲ್ಲಿ ನಿಮ್ಮ ಮಗ ಕೊಂಡ ಮನೆ ಯಾವ ಹಣದಿಂದ ಬಂದಿತು? ಬ್ಯಾಂಕಿನ ಸಾಲದಿಂದಲೇ ಅಲ್ಲವೇ? ಅದನ್ನು ಯಾರೂ ಅವಮಾನವೆಂದು ಬಗೆಯಲಿಲ್ಲ. ಬಹುಕಾಲ ಬಾಳುವ ವಸ್ತುವಿನ ಬೆಲೆಯನ್ನು ಬಹುಕಾಲಕ್ಕೆ ಹಂಚಿ ತೆರುವುದು ವಿವೇಕವೆಂದೇ ತಿಳಿದಿರಿ. ಆದರೆ ಅದೇ ಬೀದಿಯ ಸರ್ಕಾರಿ ಶಾಲೆಗೆ ನಾಲ್ಕು ಕೊಠಡಿ ಬೇಕೆಂದೊಡನೆ ಈ ವಿವೇಕ ಮೌನ ತಾಳುತ್ತದೆ. "ಸರ್ಕಾರ ಕಟ್ಟಲಿ" ಎನ್ನುವವರು ಕೆಲವರು. "ದಾನಿಗಳು ಕೊಡಲಿ" ಎನ್ನುವವರು ಕೆಲವರು. ಈ ಎರಡು ಉತ್ತರಗಳೂ ಅಪೂರ್ಣ.

ಸರ್ಕಾರವೂ ಎಷ್ಟೋ ಕಡೆ ಸಾಲ ಮಾಡಿಯೇ ಕಟ್ಟುತ್ತದೆ. 1995–96ರಲ್ಲಿ ಆರಂಭವಾದ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿಯಿಂದ ನಬಾರ್ಡ್ ಸಂಸ್ಥೆಯು ರಾಜ್ಯಗಳಿಗೆ ಕೊಡುವ ಸಾಲದಲ್ಲಿ ಹಳ್ಳಿಯ ಶಾಲಾ ಕಟ್ಟಡಗಳೂ ಸೇರಿವೆ. ಆ ಸಾಲಕ್ಕೆ ನಮ್ಮ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ತೀರಿಸುವವರು ಮಾತ್ರ ನಾವೇ. 2022ರಲ್ಲಿ 'ವಿವೇಕ' ಯೋಜನೆಯ ಕೊಠಡಿಗಳಿಗೆ ಯಾವ ಬಣ್ಣ ಬಳಿಯಬೇಕೆಂದು ನಾಡೆಲ್ಲ ವಾದ ಮಾಡಿತು. ಆ ಗೋಡೆಯ ಹಣ ಎಲ್ಲಿಂದ ಬಂತೆಂದು ಕೇಳಿದವರೆಷ್ಟು ಮಂದಿ?

ಇನ್ನು ದಾನ. ಅದನ್ನು ಹಗುರಾಗಿ ಕಾಣುವ ಅಧಿಕಾರ ಪ್ರಸಾದನಿಲಯದ ಅನ್ನ ಉಂಡ ನಮಗಿಲ್ಲ. ಆದರೆ ದಾನಿಯು ತನಗೆ ಮೆಚ್ಚಾದ ಶಾಲೆಗೆ, ಅನುಕೂಲವಾದ ವರ್ಷ ಕೊಡುತ್ತಾನೆ. 2014ರಿಂದ ಲಾಭದ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕಾಗಿರುವ ದೊಡ್ಡ ಕಂಪನಿಗಳ ರೀತಿಯೂ ಅದೇ. ಗೇಟಿನೆದುರಿನ ಶಾಲೆಗೆ ಕಂಪ್ಯೂಟರ್ ಬರಬಹುದು. ಹಿಂದಿನ ಬೀದಿಯಲ್ಲಿ, ಕಲಬುರಗಿ ರಾಯಚೂರುಗಳಿಂದ ದುಡಿಯಲು ಬಂದವರ ಮಕ್ಕಳು ಜಗಲಿಯಲ್ಲೇ ಕುಳಿತಿರಬಹುದು.

ಮೂರನೆಯ ದಾರಿಯೊಂದಿದೆ. ಅಮೆರಿಕದಲ್ಲಿ ಶಾಲಾ ಜಿಲ್ಲೆಯೆಂಬ ಸ್ಥಳೀಯ ಆಡಳಿತವುಂಟು. ಕಟ್ಟಡ ಬೇಕಾದಾಗ ಅದು ಎಷ್ಟು ಹಣ, ಏತಕ್ಕೆ ಎಂದು ಹೇಳಿ ಮತದಾರರ ಮುಂದೆ ನಿಲ್ಲುತ್ತದೆ. ಅವರು ಒಪ್ಪಿದರೆ ಸಾಲಪತ್ರಗಳನ್ನು ಮಾರಿ ಕಟ್ಟಿ, ಆಸ್ತಿ ತೆರಿಗೆಯಿಂದ ತೀರಿಸುತ್ತದೆ. ಕ್ಯಾಲಿಫೋರ್ನಿಯದಲ್ಲಿ 2000ದಿಂದ ಇದಕ್ಕೆ ಶೇಕಡ 55 ಮತ ಸಾಕು. ಅಲ್ಲಿಯೂ ಎಡವಿದ್ದುಂಟು. ಪೊವೇ ಎಂಬ ಶಾಲಾ ಜಿಲ್ಲೆ 2011ರಲ್ಲಿ ಸುಮಾರು 10.5 ಕೋಟಿ ಡಾಲರ್ ಪಡೆದು, ಇಪ್ಪತ್ತು ವರ್ಷ ಕಂತು ಕಟ್ಟದೆ, ಕೊನೆಗೆ ಸುಮಾರು 98 ಕೋಟಿ ತೀರಿಸುವುದಾಗಿ ಒಪ್ಪಿತು. 2013ರಲ್ಲಿ ಆ ರಾಜ್ಯ ಅಂತಹ ಸಾಲಕ್ಕೆ ಕಡಿವಾಣ ಹಾಕಬೇಕಾಯಿತು. ದೋಷ ಸಾಲದ್ದಲ್ಲ, ಮೊಮ್ಮಕ್ಕಳ ತಲೆಗೆ ಕಟ್ಟಿದ ಸಾಲದ್ದು.

ನಮಗೂ ಇದು ಹೊಸತಲ್ಲ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯು 125 ಕೋಟಿ ರೂಪಾಯಿಗಳ ಸಾಲಪತ್ರ ಹೊರಡಿಸಿತು. ಭಾರತದ ಪಾಲಿಕೆಗಳಲ್ಲಿ ಅದೇ ಮೊದಲು. ಎಲೆಕ್ಟ್ರಾನಿಕ್ ಸಿಟಿಗೆ 2013ರಲ್ಲಿ ತನ್ನದೇ ಪ್ರಾಧಿಕಾರ ಬಂದು, ಅಲ್ಲಿನ ಆಸ್ತಿ ತೆರಿಗೆಯ ಬಹುಭಾಗ ಅಲ್ಲಿನ ಕೆಲಸಕ್ಕೇ ಸಲ್ಲುವಂತಾಯಿತು. ರಸ್ತೆಗೆ, ದೀಪಕ್ಕೆ ಒದಗುವ ಉಪಾಯ ಶಾಲೆಗೇಕೆ ಒದಗಬಾರದು?

ಲೆಕ್ಕ ಹಾಕಿ ನೋಡಿರಿ. ಶೇಕಡ 8ರ ಬಡ್ಡಿಯಲ್ಲಿ 20 ವರ್ಷಕ್ಕೆ 1 ಕೋಟಿ ಸಾಲ ತಂದರೆ ವರ್ಷದ ಕಂತು ಸುಮಾರು 10 ಲಕ್ಷದ 20 ಸಾವಿರ. 2,000 ಆಸ್ತಿಗಳವರು ಹಂಚಿಕೊಂಡರೆ ತಲೆಗೆ ವರ್ಷಕ್ಕೆ 510 ರೂಪಾಯಿ. ಆಸ್ತಿ ತೆರಿಗೆಯೊಡನೆ ಶೇಕಡ 6ರ ಗ್ರಂಥಾಲಯ ಕರವನ್ನು ತೆತ್ತು ರೂಢಿಯಿರುವ ನಮಗೆ ಇದು ಹೊರಲಾರದ ಭಾರವೇ? ಬಾಡಿಗೆಯ ಕೋಣೆಯಲ್ಲಿರುವ ಕೂಲಿಕಾರನಿಗೆ ಅದರ ಹೊರೆ ದಾಟಿಸದಿರುವುದು ಆಸ್ತಿವಂತರ ಧರ್ಮ.

ಆದರೆ ಮೂರು ಕಟ್ಟುಪಾಡುಗಳಿರತಕ್ಕದ್ದು. ಸಾಲಕ್ಕೆ ಮುನ್ನ ಜನರ ಒಪ್ಪಿಗೆ ಬೇಕು. ಮೊದಲ ವರ್ಷದಿಂದಲೇ ಅಸಲೂ ತೀರುತ್ತ ಬರಬೇಕು. ಜಮಾಖರ್ಚು ಶಾಲೆಯ ಗೋಡೆಯ ಮೇಲೆಯೇ ಇರಬೇಕು. ಒಪ್ಪಿಗೆ ಕೇಳುವುದೆಲ್ಲಿ ಎನ್ನುವಿರಾ? 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪಾಲಿಕೆಯ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷಗಳು ಚುನಾವಣೆಯಿಲ್ಲದೆಯೇ ಕಳೆದವು, ನಾವು ಸಹಿಸಿದೆವು. ಕೇಳುವ ಸಭೆಯನ್ನೇ ಕೇಳಿ ಪಡೆಯದವರು ಶಾಲೆಯನ್ನು ಕೇಳಿ ಪಡೆದಾರೆಯೇ?

ಬಂಧುಗಳೇ, ಅಂದು ನಮಗೆ ಕೊಠಡಿ ಕಟ್ಟಿಸಿದವರು ನಮ್ಮ ಹೆಸರನ್ನು ಅರಿತವರಲ್ಲ. ಆ ಋಣ ಹೊತ್ತವರು ಊರ ಶಾಲೆಯ ಸಾಲಕ್ಕೆ ಅಂಜುವುದು ತರವಲ್ಲ.