ಮುಳುಗುಗಾರನ ಉಸಿರಿನ ಕೊಳವೆ

ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದ ಮಕ್ಕಳಿಗೆ ಸಮುದ್ರ ದೂರ. ಆದರೆ ಮುರ್ಡೇಶ್ವರಕ್ಕೆ ಪ್ರವಾಸ ಹೋದವರು ನೇತ್ರಾಣಿ ದ್ವೀಪದ ಬಳಿ ನಡೆಯುವ ಸ್ಕೂಬಾ ಡೈವಿಂಗ್ ಬಗ್ಗೆ ಕೇಳಿಯೇ ಇರುತ್ತಾರೆ. ನೀರಿನಡಿ ಉಸಿರು ತಲುಪಿಸುವ ಕೊಳವೆ ಎಂತಹದಿರಬೇಕು?

ಮುಳುಗುಗಾರನ ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಸುಮಾರು 200 ಬಾರ್. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ವಾತಾವರಣದ ಒತ್ತಡ. ರೆಗ್ಯುಲೇಟರಿನ ಮೊದಲ ಹಂತ ಇದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಮಾತ್ರ ಹೆಚ್ಚಿರುವಂತೆ ತಗ್ಗಿಸುತ್ತದೆ. ಆ ಗಾಳಿ ಕೊಳವೆಯ ಮೂಲಕ ಬಾಯಿಯ ಬಳಿಯ ಎರಡನೆಯ ಹಂತಕ್ಕೆ ಬರುತ್ತದೆ.

ಹಳೆಯ ಬಗೆಯದು ರಬ್ಬರ್ ಕೊಳವೆ. ತೂಕ ಹೆಚ್ಚು, ಬಾಗುವುದು ಕಡಿಮೆ. ಹೊಸ ಬಗೆಯದರಲ್ಲಿ ಒಳಗೆ ಪಾಲಿಯುರಿಥೇನ್ ನಳಿಕೆ, ಹೊರಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆಗಳ ಹೆಣಿಗೆ. ಇದು ಹಗುರ, ಸಲೀಸಾಗಿ ಬಾಗುತ್ತದೆ.

ಹಾಗಾದರೆ ಹೆಣಿಗೆಯದೇ ಮೇಲೇ? ಅವಸರ ಬೇಡ. ರಬ್ಬರ್ ಹಳತಾದರೆ ಹೊರಮೈ ಬಿರಿಯುವುದು ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ. ಹೆಣಿಗೆಯೊಳಗಿನ ನಳಿಕೆ ಕಾಣದು. ಕೆಲವು ಬಗೆಯ ಪಾಲಿಯುರಿಥೇನ್ ಬಿಸಿ, ತೇವಗಳಲ್ಲಿ ನೀರಿನೊಡನೆ ವರ್ತಿಸಿ ನಿಧಾನವಾಗಿ ಒಡೆಯುತ್ತದೆ. ಆಗ ಹರಳುಗಳು ಕೂಡಿ ನಳಿಕೆ ಕಟ್ಟಿಕೊಂಡ, ಗಾಳಿ ತಡೆದ ಪ್ರಕರಣಗಳು ವಿದೇಶಗಳಲ್ಲಿ ವರದಿಯಾಗಿವೆ. ಹೊರಗೆ ಮಾತ್ರ ಕೊಳವೆ ಹೊಸದರಂತೆಯೇ ಇತ್ತು!

ನಮ್ಮ ಕರಾವಳಿಯೂ ಬಿಸಿ, ತೇವಗಳ ನಾಡೇ. ಆದ್ದರಿಂದ ಯಾವುದನ್ನೇ ಆರಿಸಿದರೂ ಬಿಸಿಲಿನಲ್ಲಿ ಬಿಡದೆ, ಸಿಹಿನೀರಿನಲ್ಲಿ ತೊಳೆದು, ತಯಾರಕರು ಹೇಳಿದ ಅವಧಿಗೆ ಬದಲಿಸಬೇಕು. ಹೆಣಿಗೆಯದಾದರೆ ಒಳಭಾಗವನ್ನೂ ಪರೀಕ್ಷಿಸಿಸಬೇಕು.

ಮಕ್ಕಳೇ, ಅಡುಗೆಮನೆಯ ಗ್ಯಾಸ್ ಕೊಳವೆಯ ಮೇಲೂ ಬದಲಿಸಬೇಕಾದ ವರ್ಷ ಅಚ್ಚಾಗಿರುತ್ತದೆ. ಇಂದೇ ಹಿರಿಯರೊಡನೆ ನೋಡಿ. ಹೊರಮೈಯ ಹೊಳಪು ಒಳಗಿನ ಆರೋಗ್ಯವಲ್ಲ.