ಅಜ್ಜಿ ಒಬ್ಬಳೇ ಬೆಂಗಳೂರಿಗೆ ಹೋಗ್ತಾಳಂತೆ. ಹೋಗ್ಲಿ ಬಿಡ್ರಪ್ಪಾ!

1/8
ಫೋಟೋದಲ್ಲಿರೋದು ನಮ್ಮ ಅಜ್ಜಿಯ ಕೋಲು, ವೈರ್ ಬುಟ್ಟಿ, ಹಂಪಿ ಎಕ್ಸ್‌ಪ್ರೆಸ್ ಟಿಕೆಟ್. ಅಜ್ಜಿಗೆ 71. ಎರಡೂ ಮಂಡಿ ಸವೆದಿವೆ. ಊರು ಕಂಪ್ಲಿ. ಹೊರಟಿರೋದು ಬೆಂಗಳೂರಿಗೆ, ಒಬ್ಬಳೇ. ಆಸ್ಪತ್ರೆಗಲ್ಲ, ಮದುವೆಗಲ್ಲ. ಒಂದೇ ಗದ್ದೇಲಿ ಜೊತೆಗೆ ನಾಟಿ ಮಾಡಿದ ಗೆಳತಿ ಈಗ ಅಲ್ಲಿ ಮಗನ ಮನೇಲಿದಾಳೆ, ಅವಳನ್ನ ನೋಡೋಕೆ.

ಹೇಳಿದ್ದೇ ತಡ, ಮನೆ ತುಂಬ ಗದ್ದಲ. "ಬಿದ್ರೆ ಯಾರು ನೋಡ್ತಾರೆ?" "ಜನ ನಮಗೇನಂತಾರೆ?" "ವಿಡಿಯೋ ಕಾಲ್ ಹಚ್ಚಿಕೊಡ್ತೀವಿ, ಸುಮ್ನಿರು."

ಅಜ್ಜಿದು ಒಂದೇ ಮಾತು: "ನನ್ನ ಕಾಲು ಕೆಟ್ಟೈತೆ, ತಲೆ ಕೆಟ್ಟಿಲ್ಲ."

2/8
ತಪ್ಪು ಒಪ್ಪಿಕೊಳ್ತೀನಿ. "ಬ್ಯಾಡಜ್ಜಿ" ಅಂದವರಲ್ಲಿ ನಾನೂ ಒಬ್ಬ.

ಅದೇ ನಾನು ಹೋದ ವರ್ಷ ಇಂಟರ್ನ್‌ಶಿಪ್‌ಗೆ ಅಂತ ಒಬ್ಬನೇ ಬೆಂಗಳೂರಿಗೆ ಹೊರಟಾಗ ಪಿಜಿ ಯಾವ ರಸ್ತೇಲಿದೆ ಅಂತಾನೂ ಗೊತ್ತಿರಲಿಲ್ಲ. ಮನೆಯವರು ಏನಂದ್ರು? "ಹುಷಾರು" ಅಂದು ಒಂದು ಡಬ್ಬಿ ಚಕ್ಕುಲಿ ಕೊಟ್ರು. ನನಗೆ ಧೈರ್ಯ ಕಟ್ಟಿಕೊಟ್ಟ ಮನೆ, ಅಜ್ಜಿಗೆ ಭಯ ಕಟ್ಟಿಕೊಡ್ತು. ಇದನ್ನ ಕಾಳಜಿ ಅಂತ ಕರೀತೀವಿ ನಾವು.

3/8
ಆಮೇಲೆ ನಾನೂ ಅಜ್ಜಿಯೂ ಕೂತು ಪಟ್ಟಿ ಮಾಡಿದ್ವಿ. ನಿಜವಾಗ್ಲೂ ಹೆದರಿಕೆ ಯಾವುದರದ್ದು?

▪️ಕಂಪ್ಲಿ–ಹೊಸಪೇಟೆ ಬಸ್ಸಿನ ಮೊದಲ ಮೆಟ್ಟಿಲು
▪️ಪ್ಲಾಟ್‌ಫಾರ್ಮ್ ದಾಟೋ ಮೇಲ್ಸೇತುವೆ
▪️ರೈಲಿನ ಕಡಿದಾದ ಮೆಟ್ಟಿಲು
▪️ಅಪ್ಪರ್ ಬರ್ತ್ ಸಿಕ್ರೆ ಏನು ಗತಿ
▪️ಕುಕ್ಕರಗಾಲಲ್ಲಿ ಕೂರೋ ಶೌಚಾಲಯ

ಪಟ್ಟಿ ಇನ್ನೊಂದ್ಸಲ ಓದಿ. ಇದರಲ್ಲಿ ಒಂದಾದ್ರೂ ಅಜ್ಜಿ ಮಾಡಿದ್ದಾ? ಎಲ್ಲಾ ಮನುಷ್ಯರು ಕಟ್ಟಿದ್ದು. ಕಟ್ಟಿದವರು ಬದಲಾಯಿಸಬಹುದು. ನಾವು ಮೆಟ್ಟಿಲನ್ನ ಬಿಟ್ಟು ಅಜ್ಜಿಯನ್ನ ಬೈತಾ ಇದೀವಿ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅಜ್ಜಿಗೆ ಆ ಬಸ್ಸಲ್ಲಿ ಟಿಕೆಟ್ ಫ್ರೀ. ಒಳ್ಳೇದೇ. ಆದ್ರೆ ಮಂಡಿ ಎತ್ತರದ ಮೆಟ್ಟಿಲು ಹತ್ತೋಕೆ ಆಗದವರಿಗೆ ಫ್ರೀ ಟಿಕೆಟ್ ಕೊಟ್ಟು ಏನುಪಯೋಗ?

4/8
"ರೂಲ್ಸ್ ಬಿಡಲ್ಲ" ಅನ್ನೋರಿಗೆ: ರೂಲ್ಸೇ ಬಿಡುತ್ತೆ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ರೈಲಲ್ಲಿ ಲೋವರ್ ಬರ್ತ್ ಕೋಟಾ ಇದೆ. ಅದು ಸಿಗೋದೇ ಒಬ್ಬರು ಅಥವಾ ಇಬ್ಬರು ಹೋಗುವಾಗ. ಅಂದ್ರೆ ವಯಸ್ಸಾದವರು ಒಬ್ಬರೇ ಬರ್ತಾರೆ ಅಂತ ರೈಲ್ವೆಗೂ ಗೊತ್ತು. ಗೊತ್ತಿಲ್ಲದೇ ಇರೋದು ಮನೆಯವರಿಗೆ.

ಹಾಗಂತ ರೈಲ್ವೆಗೆ ಹಾರ ಹಾಕೋಕೂ ಆಗಲ್ಲ. ಹಿರಿಯರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಇತ್ತು, ಗಂಡಸರಿಗೆ ಶೇ 40, ಹೆಂಗಸರಿಗೆ ಶೇ 50. 2020ರ ಮಾರ್ಚ್‌ನಲ್ಲಿ ಕೊರೋನಾ ಹೆಸರಲ್ಲಿ ನಿಲ್ಲಿಸಿದ್ರು. ಕೊರೋನಾ ಹೋಯ್ತು, ರಿಯಾಯಿತಿ ಬರಲಿಲ್ಲ. ಕೈಕಾಲಿನ ಅಂಗವೈಕಲ್ಯ ಇರೋರಿಗೆ ರಿಯಾಯಿತಿ ಇದೆ, ಆದ್ರೆ "ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾರರು" ಅಂತ ಡಾಕ್ಟರು ಬರೆದುಕೊಡಬೇಕು. ನೋಡಿ ತಮಾಷೆ: ಒಬ್ಬರೇ ಹೋಗೋ ಛಲ ಇದ್ದವರಿಗೆ ಏನೂ ಇಲ್ಲ!

5/8
"ಎಲ್ಲಾ ಕಡೆ ರ‍್ಯಾಂಪು, ಲಿಫ್ಟು ಹಾಕೋಕೆ ದುಡ್ಡೆಲ್ಲಿಂದ ಬರುತ್ತೆ?" ಅಂತೀರಾ?

ಹಂಪಿಗೆ ಹೋಗಿ. ವಿಜಯ ವಿಠ್ಠಲ ದೇವಸ್ಥಾನಕ್ಕೆ ಪಾರ್ಕಿಂಗ್ ಜಾಗದಿಂದ ಬ್ಯಾಟರಿ ಗಾಡಿ ಓಡ್ತವೆ. ಕದಲದ ಕಲ್ಲಿನ ರಥ ನೋಡೋ ಪ್ರವಾಸಿಗರ ಕಾಲು ನೋಯಬಾರದು ಅಂತ ಯೋಚಿಸಿದ್ದೀವಿ. ಸಂತೋಷ. ಅದೇ ಯೋಚನೆ ಬಸ್ ಸ್ಟ್ಯಾಂಡಿಗೆ ಯಾಕೆ ಬರಲ್ಲ?

ಇದು ಭಿಕ್ಷೆ ಅಲ್ಲ, ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ "ಸಾರ್ವಜನಿಕ ಕಟ್ಟಡ" ಅಂದ್ರೆ ರೈಲ್ವೆ ಸ್ಟೇಷನ್ನು, ಬಸ್ ನಿಲ್ದಾಣವೂ ಸೇರಿದೆ. ನಿಯಮ ಬಂದಿದ್ದು ಜೂನ್ 2017. ಐದು ವರ್ಷದೊಳಗೆ ಹಳೇ ಕಟ್ಟಡಗಳನ್ನೂ ಸರಿ ಮಾಡಬೇಕಿತ್ತು. ಗಡುವು 2022ಕ್ಕೇ ಮುಗೀತು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಇವು ಬರೀ ಸಲಹೆ ಆಗಿದ್ರೆ ಸಾಲದು, ಪಾಲಿಸಲೇಬೇಕಾದ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು.

ರ‍್ಯಾಂಪು, ಲಿಫ್ಟು ಆದ್ರೆ ಲಾಭ ಯಾರಿಗೆ? ಸರ್ಟಿಫಿಕೇಟ್ ಇಲ್ಲದ ನಮ್ಮಜ್ಜಿಗೂ, ಬಸುರಿಗೂ, ಮೂಟೆ ಹೊತ್ತವರಿಗೂ.

6/8
ಸಂಡೂರಿನ ಗೆಳತಿ ಒಬ್ಬಳು ಡಿಎಂ ಮಾಡಿದ್ಲು: "ನಮ್ಮ ತಾತ ಓಣಿ ದಾಟಿದ್ರೆ ಮನೆ ದಾರಿನೇ ಮರೀತಾರೆ. ಅವರನ್ನೂ ಒಬ್ಬರನ್ನೇ ಕಳಿಸಬೇಕಾ?"

ಇಲ್ಲ. ಅವರ ಜೊತೆ ಹೋಗು. ನೆನಪು ಕೈಕೊಡೋದು ಬೇರೆ, ಮಂಡಿ ಕೈಕೊಡೋದು ಬೇರೆ. ಎರಡಕ್ಕೂ ಒಂದೇ ಬೀಗ ಹಾಕ್ತೀವಲ್ಲ, ನನ್ನ ಜಗಳ ಅದರ ಮೇಲೆ.

ಇನ್ನು "ಬಿದ್ರೆ?" ಅನ್ನೋದು. ಅಜ್ಜಿ ಬಿದ್ದಿದ್ದು ನಿಜ, ಎರಡು ವರ್ಷದ ಹಿಂದೆ. ಎಲ್ಲಿ? ನಮ್ಮ ಮನೆ ಬಚ್ಚಲಲ್ಲಿ, ಮನೇಲಿ ಐದು ಜನ ಇದ್ದಾಗ. ಇವತ್ತಿಗೂ ಆ ಬಚ್ಚಲಿಗೆ ಒಂದು ಹಿಡಿಕೆ ಹಾಕ್ಸಿಲ್ಲ ನಾವು. ಬೆಂಗಳೂರಿನ ಬಗ್ಗೆ ಭಾಷಣ ಮಾತ್ರ ಮಾಡ್ತೀವಿ.

7/8
ಅಜ್ಜಿ ಹೋದ್ಲು.

ಕಂಪ್ಲಿಯಲ್ಲಿ ಕಂಡಕ್ಟರ್ ಕೈ ಕೊಟ್ರು. ಹೊಸಪೇಟೆಯಲ್ಲಿ ಒಗ್ಗಾಣಿ-ಮಿರ್ಚಿ ಕಟ್ಟಿಸಿಕೊಂಡ್ಲು. ನಾನು ರೈಲು ಹತ್ತಿಸಿದೆ, ಅಷ್ಟೇ. ಲೋವರ್ ಬರ್ತ್ ಸಿಕ್ಕಿತ್ತು. ದಾರೀಲಿ ಒಂದು ಕಡೆ ಲಿಫ್ಟ್ ಕೆಟ್ಟಿತ್ತಂತೆ, ಅರ್ಧ ಗಂಟೆ ಕೂತು, ಒಬ್ಬ ಹುಡುಗನ್ನ ಕರೆದು, ಅವನ ಭುಜ ಹಿಡಿದು ಮೆಟ್ಟಿಲು ಹತ್ತಿದ್ಲಂತೆ. ಹೇಳುವಾಗ ನಗ್ತಿದ್ಲು. ನನಗೆ ನಗು ಬರಲಿಲ್ಲ. ಆ ಹುಡುಗ ಇರದಿದ್ರೆ?

ಬೆಂಗಳೂರು ಸ್ಟೇಷನ್‌ನಿಂದ ಮೆಟ್ರೋದಲ್ಲಿ ಮೂರನೇ ಸ್ಟಾಪೇ ಗೆಳತಿಯ ಬಡಾವಣೆ, ವಿಜಯನಗರ. ಫೋನ್ ಬಂತು: "ವಿಜಯನಗರ ಜಿಲ್ಲೆಯಲ್ಲಿ ರೈಲು ಹತ್ತಿ ವಿಜಯನಗರಕ್ಕೇ ಬಂದೆ ನೋಡಪ್ಪಾ! ಈಗ ಫೋನ್ ಇಡು, ನಾವು ಮಾತಾಡ್ಬೇಕು." ಆಮೇಲೆ ಎರಡು ದಿನ ನಮ್ಮ ಫೋನೇ ಎತ್ತಲಿಲ್ಲ.

8/8
ಈಗ ನಿಮ್ಮ ಸರದಿ.

✅ ಇವತ್ತು ರಾತ್ರಿ ಮನೆ ಹಿರಿಯರನ್ನ ಕೇಳಿ: "ಎಲ್ಲಿಗಾದ್ರೂ ಹೋಗ್ಬೇಕು ಅನ್ಸುತ್ತಾ?" ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಉತ್ತರ ಕೇಳಿಸ್ಕೊಳ್ಳಿ.
✅ ಟಿಕೆಟ್ ನೀವೇ ಮಾಡ್ಕೊಡಿ, ಲೋವರ್ ಬರ್ತ್ ಕೋಟಾ ಮರೀಬೇಡಿ.
✅ ಬಸ್ ಸ್ಟ್ಯಾಂಡಲ್ಲಿ ರೀಲ್ ಮಾಡೋ ಬದಲು ಒಂದ್ಸಲ ಮೆಟ್ಟಿಲು ಎಣಿಸಿ. ಕೆಟ್ಟ ಲಿಫ್ಟ್, ಮುರಿದ ರ‍್ಯಾಂಪ್ ಕಂಡ್ರೆ ಫೋಟೋ ತೆಗೆದು ಅಲ್ಲಿಯ ಅಧಿಕಾರಿಗೆ ದೂರು ಬರೆದುಕೊಡಿ.
✅ "ಬೇಡ" ಅನ್ನೋ ಮುಂಚೆ "ಹೇಗೆ?" ಅನ್ನಿ.

ನಮ್ಮ ಮನೆ ಬಚ್ಚಲಿಗೆ ನಿನ್ನೆ ಹಿಡಿಕೆ ಹಾಕ್ಸಿದ್ವಿ. ಅಜ್ಜಿ ಮುಂದಿನ ಟಿಕೆಟ್ ಕೇಳ್ತಿದಾಳೆ. ಈ ಸಲ ಮೈಸೂರಂತೆ.

ನಿಮ್ಮ ಅಜ್ಜಿ, ತಾತ ಎಲ್ಲಿಗೆ ಹೋಗ್ಬೇಕಂತೆ? ಕಾಮೆಂಟ್ ಮಾಡಿ 👇

#ಅಜ್ಜಿಒಬ್ಬಳೇ #ಕಂಪ್ಲಿ #ಹೊಸಪೇಟೆ #ಸಂಡೂರು #ಹಂಪಿ